ಕಡಲಿಗೂ ಬಾಗಿಲಿದ್ದ ಕಾಲ: ಮಂಗಳೂರು ಮತ್ತು ಅದರ ಸಮುದ್ರ

ಮಂಗಳೂರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಳುಪರಿಂದ ಆರಂಭಿಸಿ ವಿಜಯನಗರ, ಕೆಳದಿ, ಪೋರ್ಚುಗೀಸರು, ಹೈದರಲಿ, ಟಿಪ್ಪು, ಇಂಗ್ಲಿಷರು ಎಂದು ಅರಸೊತ್ತಿಗೆಗಳ ಸಾಲನ್ನು ಹಿಡಿದು ಮುಂದುವರಿಯುತ್ತಾರೆ. ಆ ಸಾಲಿನಲ್ಲಿ ಕಡಲು ನಾಟಕದ ಹಿಂದಿನ ಪರದೆಯಂತೆ ಸುಮ್ಮನೆ ನಿಂತಿರುತ್ತದೆ. ಆದರೆ ಹೆಸರಿಸಿದ ಇವರೆಲ್ಲರೂ ಈ ಊರನ್ನು ಬಯಸಿದ್ದು ಕಡಲಿನ ಕಾರಣಕ್ಕಾಗಿಯೇ. ಆ ಕಡಲು ಯಾವ ಅರಸನ ಆಜ್ಞೆಗೂ ಒಳಪಡದ ಒಂದು ನಿಯಮವನ್ನು ತಾನೇ ಮಾಡಿಕೊಂಡಿತ್ತು. ವರ್ಷದ ಬಹುಭಾಗ ಅದು ತೆರೆದಿರುತ್ತಿತ್ತು, ಮಳೆಗಾಲದಲ್ಲಿ ಮುಚ್ಚುತ್ತಿತ್ತು. ಈ ಮುಚ್ಚುವಿಕೆಯ ಚರಿತ್ರೆಯನ್ನೇ ನಾವಿಲ್ಲಿ ಹೇಳಹೊರಟಿದ್ದೇವೆ.

ನಮ್ಮ ಮನೆಗಳಲ್ಲಿ ಹವೆ ಎಂಬ ಅರ್ಥದಲ್ಲಿ ಬಳಕೆಯಾಗುವ ‘ಮೌಸಂ’ ಎಂಬ ಪದ ಅರಬಿಯ ‘ಮೌಸಿಮ್’ನಿಂದ ಬಂದುದು. ನಿಗದಿಯಾದ ಕಾಲ ಎಂಬುದು ಅದರ ಮೂಲಾರ್ಥ. ಹಜ್ಜಿನ ಕಾಲಕ್ಕೂ ಅದೇ ಪದ, ಹಡಗು ಹೊರಡುವ ಕಾಲಕ್ಕೂ ಅದೇ ಪದ. ಯುರೋಪಿನವರ ‘ಮಾನ್ಸೂನ್’ ಕೂಡ ಇದರಿಂದಲೇ ಹುಟ್ಟಿತು. ಹದಿನೈದನೆಯ ಶತಮಾನದ ಮಹಾನಾವಿಕ ಅಹ್ಮದ್ ಇಬ್ನು ಮಾಜಿದ್ ಭಾರತದ ಪಶ್ಚಿಮ ತೀರದ ಬಂದರುಗಳು ಮಳೆಗಾಲದಲ್ಲಿ ಸುಮಾರು ಮೂರು ತಿಂಗಳು ಮುಚ್ಚಿರುವುದನ್ನು ತನ್ನ ನೌಕಾಗ್ರಂಥದಲ್ಲಿ ಲೆಕ್ಕಹಾಕಿದ್ದಾನೆ. ಅರಬಿ ನಾವಿಕರು ಅದನ್ನು ಕಡಲಿನ ಮುಚ್ಚುವಿಕೆ ಎಂದೇ ಕರೆಯುತ್ತಿದ್ದರು. ಆ ಅವಧಿಯಲ್ಲಿ ಹಡಗು ನಡೆಸುವುದನ್ನು ಅವರು ಧೈರ್ಯವೆಂದು ಎಣಿಸಿರಲಿಲ್ಲ.

ಮಂಗಳೂರಿನ ಹೆಸರು ಆರನೆಯ ಶತಮಾನದಲ್ಲಿಯೇ ಗ್ರೀಕ್ ಭಾಷೆಯ ಬರಹಗಾರ ಕಾಸ್ಮಾಸ್‌ನ ಕೃತಿಯಲ್ಲಿ ಮೆಣಸಿನ ಬಂದರುಗಳ ಪಟ್ಟಿಯೊಳಗೆ ಬಂದಿದೆ. ಆದರೆ ಇಲ್ಲಿಯ ದಿನನಿತ್ಯದ ಬದುಕನ್ನು ಮೊದಲು ಕಾಣಿಸಿಕೊಡುವುದು ಹನ್ನೆರಡನೆಯ ಶತಮಾನದ ಕೆಲವು ಹರಿದ ಕಾಗದಗಳು. ಉತ್ತರ ಆಫ್ರಿಕದ ಮಹ್ದಿಯಾ ಪಟ್ಟಣದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಇಲ್ಲಿಗೆ ಬಂದು, 1149ರಲ್ಲಿ ಏಡನ್‌ಗೆ ಮರಳುವವರೆಗೆ ಹೆಚ್ಚಿನ ಕಾಲವನ್ನು ಮಂಗಳೂರಿನಲ್ಲೇ ಕಳೆದನು. ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನು ನಡೆಸಿದನು. ಈ ನೆಲದ ಆಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆಗೊಳಿಸಿದನು. ಬೊಮ್ಮ ಎಂಬ ತುಳುನಾಡಿನ ಸೇವಕನನ್ನು ತನ್ನ ಪ್ರತಿನಿಧಿಯಾಗಿ ಏಡನ್‌ವರೆಗೆ ಕಳುಹಿಸಿದನು. ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಬಂದ ಅವನ ಪತ್ರಗಳು ಹೀಬ್ರೂ ಲಿಪಿಯಲ್ಲಿ ಬರೆದ ಅರಬಿ ಭಾಷೆಯವು. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ತಾಮ್ರದ ಜೊತೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ, ಚಾಪೆಗಳು ಬರುತ್ತಿದ್ದವು.

ಆ ಪತ್ರಗಳಲ್ಲಿ ಒಂದು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಇಲ್ಲಿಂದ ಹೊರಟ ಹಡಗೊಂದು ಏಡನ್ ಸಮೀಪ ಒಡೆದುಹೋದ ಸುದ್ದಿಯನ್ನು ಅಲ್ಲಿಯ ವರ್ತಕನೊಬ್ಬ ಬೆನ್ ಯಿಜುವಿಗೆ ತಿಳಿಸುತ್ತಾನೆ. ಮೆಣಸು ಪೂರ್ತಿ ನಷ್ಟವಾಯಿತು. ಕಬ್ಬಿಣಕ್ಕಾಗಿ ಮುಳುಗುಗಾರರನ್ನು ಇಳಿಸಿ ಸುಮಾರು ಅರ್ಧದಷ್ಟನ್ನು ಮೇಲೆತ್ತಲಾಯಿತು. ನಷ್ಟವನ್ನು ದೇವನಿಚ್ಛೆಯೆಂದು ಒಪ್ಪಿಕೊಂಡು, ಉಳಿದುದರ ಲೆಕ್ಕವನ್ನು ಚಾಚೂ ತಪ್ಪದೆ ಬರೆದು ಕಳುಹಿಸಿದ ಆ ವ್ಯಾಪಾರಧರ್ಮವನ್ನು ಗಮನಿಸಬೇಕು. ಅದರ ಜೊತೆಗೆ ಮತ್ತೊಂದನ್ನೂ ಗಮನಿಸಬೇಕು: ಆ ಹಡಗಿನಿಂದ ಕಡಲಿಗೆ ಬಿದ್ದುದು ಮೆಣಸು, ಕಬ್ಬಿಣ, ಮರ. ಕಡಲಿಗೆ ಅದರಿಂದ ಯಾವ ಕೇಡೂ ಆಗಲಿಲ್ಲ.

ಸುಮಾರು ಇನ್ನೂರು ವರ್ಷಗಳ ಬಳಿಕ, 1342ರ ಆಸುಪಾಸಿನಲ್ಲಿ, ಇಬ್ನು ಬತೂತ ಇಲ್ಲಿಗೆ ಬಂದರು. ‘ಮಂಜರೂರ್’ ದೊಡ್ಡದೊಂದು ಅಳಿವೆಯ ದಡದಲ್ಲಿದೆಯೆಂದೂ, ಫಾರಸ್ ಮತ್ತು ಯಮನಿನ ವರ್ತಕರು ಹೆಚ್ಚಾಗಿ ಇಲ್ಲಿಯೇ ಇಳಿಯುತ್ತಾರೆಂದೂ, ಮೆಣಸು ಮತ್ತು ಶುಂಠಿ ಹೇರಳವೆಂದೂ ಅವರು ದಾಖಲಿಸಿದ್ದಾರೆ. ಊರ ಹೊರವಲಯದಲ್ಲಿ ಸುಮಾರು 4,000 ಮುಸ್ಲಿಮರಿದ್ದರು. ಮಅಬರ್ ನಾಡಿನ ಬದ್ರುದ್ದೀನ್ ಎಂಬ ಶಾಫಿಈ ಖಾಝಿಯವರು ಅವರಿಗೆ ಜ್ಞಾನ ಬೋಧಿಸುತ್ತಿದ್ದರು. ಊರಿನವರಿಗೂ ಮುಸ್ಲಿಮರಿಗೂ ಜಗಳಗಳಾಗುತ್ತಿದ್ದುದನ್ನು ಇಬ್ನು ಬತೂತ ಮುಚ್ಚಿಟ್ಟಿಲ್ಲ. ವರ್ತಕರು ಬೇಕಾದ್ದರಿಂದ ಅರಸನೇ ನಡುವೆ ನಿಂತು ಸಂಧಾನ ಮಾಡಿಸುತ್ತಿದ್ದನೆಂಬುದನ್ನೂ ಹೇಳಿದ್ದಾರೆ. ಈ ತೀರದ ಮದ್ರಸಗಳಲ್ಲಿ ಇಂದಿಗೂ ಶಾಫಿಈ ಫಿಕ್‌ಹ್ ಓದಿಸಲಾಗುತ್ತಿರುವುದರ ಹಿಂದೆ ಯಮನಿನ ಕಡೆಯಿಂದ ಬೀಸಿದ ಆ ಗಾಳಿಯೂ ಇದೆ. ಸಿಗಡಿ ತಿನ್ನುವ ವಿಷಯದಲ್ಲಿ ಘಟ್ಟದ ಮೇಲಿನ ನಮ್ಮ ಹನಫಿ ಬಂಧುಗಳು ಚರ್ಚೆಗೆ ಕುಳಿತಾಗ ಕರಾವಳಿಯವರು ನಿಶ್ಚಿಂತೆಯಿಂದ ಊಟ ಮುಂದುವರಿಸುವುದಕ್ಕೂ ಅದೇ ಕಾರಣವೆನ್ನಬಹುದು!

ಬಂದರಿನ ಝೀನತ್ ಬಕ್ಷ್ ಮಸೀದಿಯನ್ನು ಮಾಲಿಕ್ ಬಿನ್ ದೀನಾರ್ ಅವರ ಸಂಗಡಿಗರ ಕಾಲಕ್ಕೆ ಸೇರಿಸುವ ಪರಂಪರೆ ನಮ್ಮಲ್ಲಿದೆ. ಇಸವಿಯ ಚರ್ಚೆ ಇತಿಹಾಸಕಾರರಿಗಿರಲಿ. ಈ ನಾಡಿಗೆ ಇಸ್ಲಾಮ್ ಹಡಗಿನಲ್ಲಿ ಬಂತು, ವ್ಯಾಪಾರಿಗಳೊಂದಿಗೆ ಬಂತು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬ್ಯಾರಿ ಎಂಬ ಹೆಸರನ್ನೇ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ, ಎಂಬ ಪದದೊಂದಿಗೆ ಜೋಡಿಸಿ ಹೇಳುವುದು ವಾಡಿಕೆ.

ಪೋರ್ಚುಗೀಸರು ಬಂದಾಗ ಕಡಲಿಗೆ ಮೊದಲ ಬಾರಿ ಮನುಷ್ಯನ ಬಾಗಿಲು ಬಿತ್ತು. ಅವರ ಪರವಾನಗಿ ಚೀಟಿಯಿಲ್ಲದ ಹಡಗನ್ನು ಹಿಡಿಯುವುದು, ಸುಡುವುದು ನಿತ್ಯದ ಮಾತಾಯಿತು. ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ಎದುರು ನಿಂತ ಕಥೆ ಎಲ್ಲರಿಗೂ ತಿಳಿದುದೇ. ಮುಂದೆ 1763ರಲ್ಲಿ ಮಂಗಳೂರು ಹೈದರಲಿಯವರ ಕೈಸೇರಿ ಅವರ ನೌಕಾಬಲದ ಕೇಂದ್ರವಾಯಿತು. ಗುರುಪುರ ನದಿಗೆ ಮುಖ ಮಾಡಿ ನಿಂತಿರುವ ಬೋಳೂರಿನ ಸುಲ್ತಾನ್ ಬತ್ತೇರಿ, ಶತ್ರು ಹಡಗುಗಳನ್ನು ಕಾಯಲೆಂದು ಟಿಪ್ಪು ಸುಲ್ತಾನರು ಕಟ್ಟಿಸಿದ್ದು. ಮಸ್ಕತ್‌ನಲ್ಲಿ ಟಿಪ್ಪುವಿನ ವ್ಯಾಪಾರದ ಕೋಠಿಯಿತ್ತು. ಮಂಗಳೂರಿನ ಅಕ್ಕಿ ಒಮಾನಿನ ಅನ್ನವಾಗಿತ್ತು. ಇವೆಲ್ಲ ಬೇರೆಡೆ ವಿಸ್ತಾರವಾಗಿ ಬಂದಿರುವುದರಿಂದ ಇಷ್ಟಕ್ಕೇ ಬಿಡುತ್ತೇವೆ.

ಅಷ್ಟಾಗಿ ಯಾರೂ ಬರೆಯದಿರುವುದು ದ್ವೀಪಗಳ ಸಂಬಂಧ. ಇಂದು ಲಕ್ಷದ್ವೀಪಕ್ಕೆ ಸೇರಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದು, 1799ರ ನಂತರ ಇಂಗ್ಲಿಷರಿಗೆ ದಾಟಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ಆ ದ್ವೀಪವಾಸಿಗಳು ಮುಸ್ಲಿಮರು. ಅವರು ತೆಂಗಿನ ನಾರಿನ ಹುರಿಯನ್ನು ಓಡಂ ಎಂಬ ಹಾಯಿದೋಣಿಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದರು. ಸರ್ಕಾರ ಆ ಹುರಿಯನ್ನು ತಾನೊಬ್ಬನೇ ಕೊಳ್ಳುವ ಹಕ್ಕು ಇಟ್ಟುಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಹುರಿಗೆ ಸಿಗುವ ಬೆಲೆ ನ್ಯಾಯವಾಗಿರಲಿಲ್ಲವೆಂಬ ದೂರು ಪೀಳಿಗೆಗಳವರೆಗೆ ಇತ್ತು. ಮಳೆ ಹಿಡಿಯುವ ಮುನ್ನ ದೋಣಿಗಳೆಲ್ಲ ದ್ವೀಪದ ಮರಳಿಗೆ ಏರಬೇಕು, ಅಕ್ಕಿ ಮನೆಯೊಳಗಿರಬೇಕು. ಅನಂತರ ಕಡಲು ತೆರೆಯುವವರೆಗೆ ದ್ವೀಪಕ್ಕೂ ಮಂಗಳೂರಿಗೂ ಸುದ್ದಿಯ ಸಂಪರ್ಕವೂ ಇರುತ್ತಿರಲಿಲ್ಲ.

ಮಂಗಳೂರಿನ ಬಂದರು ಕೂಡ ಅಷ್ಟೇ ಅಸಹಾಯಕವಾಗಿತ್ತು. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವಲ್ಲಿ ಮರಳಿನ ದಿಬ್ಬವಿದೆ. ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿ ನಿಲ್ಲಬೇಕಿತ್ತು. ಸರಕು ಸಣ್ಣ ದೋಣಿಗಳಲ್ಲಿ ಓಡಾಡುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಆರಂಭಿಸಿದ ಹೆಂಚಿನ ಉದ್ಯಮದ ಹೆಂಚುಗಳೂ, ಘಟ್ಟದ ಕಾಫಿಯೂ ಹೀಗೆಯೇ ಹೊರದೇಶಕ್ಕೆ ಹೋದವು. ಮಳೆಗಾಲ ಬಂತೆಂದರೆ ಬಂದರಿನ ಗೋದಾಮುಗಳಿಗೆ ಬೀಗ ಬೀಳುತ್ತಿತ್ತು.

ಇನ್ನು ಮೀನಿನ ಮಾತು. ತೀರದಲ್ಲಿ ರಂಪಣಿಯ ಕಾಲವೊಂದಿತ್ತು. ಹಲವು ಮನೆಗಳವರ ಬಲೆಯ ತುಂಡುಗಳನ್ನು ಜೋಡಿಸಿದರೆ ಒಂದು ರಂಪಣಿ ಬಲೆಯಾಗುತ್ತಿತ್ತು. ದೋಣಿಯಲ್ಲಿ ಅದನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಮಳೆ ನಿಂತು ಕಡಲು ತಿಳಿಯಾದ ಮೇಲೆ ಬೂತಾಯಿ, ಬಂಗುಡೆ ತೀರಕ್ಕೆ ಬರುವುದನ್ನು ಕಾದು ಕುಳಿತಿದ್ದು ಎಳೆಯುವ ಬಲೆ ಅದು. ತೀರಕ್ಕೆ ಬಾರದ ಮೀನನ್ನು ಅದು ಬೆನ್ನಟ್ಟುತ್ತಿರಲಿಲ್ಲ. ಮೊಗವೀರರು ನೂಲ ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದ ಬಳಿಕವೇ ದೋಣಿ ಇಳಿಸುತ್ತಿದ್ದರು. ದಡಕ್ಕೆ ಬಿದ್ದ ಮೀನನ್ನು ಕೊಂಡು ತಲೆಹೊರೆಯಲ್ಲಿ, ಸೈಕಲ್ಲಿನಲ್ಲಿ ಒಳನಾಡಿಗೆ ಒಯ್ಯುವವರಲ್ಲಿ ಬ್ಯಾರಿಗಳು ಬಹಳ ಮಂದಿ. ಎರಡೂ ಸಮುದಾಯಗಳ ಅಡುಗೆಮನೆಗೆ ಮಳೆಗಾಲದಲ್ಲಿ ಒಣಮೀನೇ ಆಧಾರವಾಗಿತ್ತು.

ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಬೂತಾಯಿ ಮೀನು ಚಂಚಲವಾದುದು. ಕೆಲವು ವರ್ಷ ರಾಶಿ ಬೀಳುತ್ತದೆ, ಕೆಲವು ವರ್ಷ ಕಾಣೆಯಾಗುತ್ತದೆ. ಯಾಂತ್ರಿಕ ದೋಣಿಯೇ ಇಲ್ಲದಿದ್ದ 1940ರ ದಶಕದಲ್ಲಿ ಅದು ಎಷ್ಟು ಕುಸಿಯಿತೆಂದರೆ, ದಕ್ಷಿಣ ಕನ್ನಡವನ್ನೂ ಆಳುತ್ತಿದ್ದ ಮದ್ರಾಸ್ ಸರ್ಕಾರವು 1943ರಲ್ಲಿ ಕೆಲವು ಬಗೆಯ ಬಲೆಗಳನ್ನೂ ಮರಿಮೀನು ಹಿಡಿಯುವುದನ್ನೂ ನಿರ್ಬಂಧಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಲಾಯಿತು. ಎಣ್ಣೆ ತೆಗೆಯಲೆಂದೂ ತೋಟಕ್ಕೆ ಗೊಬ್ಬರವೆಂದೂ ಬೂತಾಯಿಯನ್ನು ರಾಶಿಗಟ್ಟಲೆ ಬಳಸುವ ರೂಢಿ ಆಗಲೇ ಇತ್ತು. ಮನುಷ್ಯನ ಆಸೆ ಹಳೆಯದೇ. ಅದರ ಕೈ ಮಾತ್ರ ಆಗ ಮೋಟಾಗಿತ್ತು.

ಕೈ ಉದ್ದವಾದುದು 1970ರ ದಶಕದಲ್ಲಿ. 1974ರ ಮೇ 4ರಂದು ಪಣಂಬೂರಿನ ನವಮಂಗಳೂರು ಬಂದರನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ನದಿಯ ಮುಖವನ್ನು ಬಿಟ್ಟು, ನೆಲವನ್ನೇ ಅಗೆದು ಕೊಳದಂತೆ ಮಾಡಿ, ಎರಡೂ ಬದಿಗೆ ಕಲ್ಲಿನ ಅಲೆತಡೆ ಕಟ್ಟಿದ ಬಂದರು ಅದು. ಅಲ್ಲಿದ್ದ ಮನೆಗಳವರು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಎದ್ದುಹೋದರು. ಆ ಬಂದರಿನ ಹೆಗ್ಗಳಿಕೆಯೆಂದರೆ ಅದು ಮಳೆಗಾಲದಲ್ಲೂ ಮುಚ್ಚುವುದಿಲ್ಲ ಎಂಬುದು. ಇಬ್ನು ಮಾಜಿದನ ಲೆಕ್ಕ ಅಂದಿಗೆ ಮುಗಿಯಿತು. ಆದರೆ ಪ್ರತಿ ಮಳೆಗಾಲದಲ್ಲೂ ಕಡಲು ಆ ಕಾಲುವೆಗೆ ಹೂಳು ತಂದು ತುಂಬುತ್ತದೆ. ಪ್ರತಿ ವರ್ಷ ಯಂತ್ರಗಳು ಅದನ್ನು ಅಗೆದು ತೆಗೆಯುತ್ತವೆ. ಬಂದರಿನ ಬೆನ್ನಿಗೆ ರಸಗೊಬ್ಬರದ ಕಾರ್ಖಾನೆ, ಕುದುರೆಮುಖದ ಅದಿರಿನ ಕೊಳವೆಮಾರ್ಗ, ತೈಲಶುದ್ಧೀಕರಣ ಘಟಕ ಬಂದವು. ಊರಿಗೆ ಉದ್ಯೋಗವೂ ಬಂತು. ಅದನ್ನು ಮರೆತು ಮಾತನಾಡುವುದು ಕೃತಘ್ನತೆಯಾದೀತು.

ಅದೇ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ದೋಣಿಗಳು ಬಂದವು. ಮೀನಿನ ಹಿಂಡು ತೀರಕ್ಕೆ ಬರುವುದನ್ನು ಕಾಯದೆ, ಅದಿದ್ದಲ್ಲಿಗೇ ಹೋಗಿ ಸುತ್ತುವರಿದು ತಳವನ್ನು ಚೀಲದಂತೆ ಬಿಗಿಯುವ ಬಲೆ ಅದು. ರಂಪಣಿಯವರು ಪ್ರತಿಭಟಿಸಿದರು, ಘರ್ಷಣೆಗಳೂ ನಡೆದವು. ಆದರೆ 1980ರ ದಶಕದ ಆರಂಭದ ಹೊತ್ತಿಗೆ ರಂಪಣಿ ಬಹುಮಟ್ಟಿಗೆ ಮರೆಯಾಗಿಹೋಗಿತ್ತು. ಕೊನೆಗೆ ಸರ್ಕಾರವು 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯನ್ನು ತಂದಿತು. ಇಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ನಾಡದೋಣಿಯ ಬಡವರಿಗೆ ವಿನಾಯಿತಿಯಿದೆ. ಬೂತಾಯಿ ಹೆಚ್ಚಾಗಿ ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಆಗ ತಳದ ತಣ್ಣನೆಯ, ಸತ್ವವುಳ್ಳ ನೀರು ಮೇಲೆದ್ದು ಮರಿಗಳಿಗೆ ಆಹಾರ ಸಿದ್ಧವಾಗುತ್ತದೆ. ಹಿಂದೆ ಗಾಳಿಯೇ ಮುಚ್ಚುತ್ತಿದ್ದ ಬಾಗಿಲನ್ನು ಈಗ ಸರ್ಕಾರಿ ಆದೇಶ ಮುಚ್ಚುತ್ತದೆ, ಇಷ್ಟೇ ವ್ಯತ್ಯಾಸ. ಗಾಳಿಗೆ ಲಂಚ ಕೊಡಲಾಗುತ್ತಿರಲಿಲ್ಲ.

ಸಮುದ್ರದ ಬೇಟೆಯ ವಿಷಯದಲ್ಲಿ ನಮ್ಮ ಧರ್ಮ ಉದಾರವಾಗಿದೆ. ಇಹ್ರಾಮಿನಲ್ಲಿರುವವರಿಗೆ ನೆಲದ ಬೇಟೆ ನಿಷಿದ್ಧವಾಗಿದ್ದರೂ ಕಡಲಿನದು ಅನುವದನೀಯವೆಂದು ಸೂರಃ ಅಲ್ ಮಾಇದಃದ 96ನೆಯ ಸೂಕ್ತದಿಂದ ತಿಳಿಯುತ್ತದೆ. ಇದನ್ನೇ ಹಿಡಿದು ಕಡಲಿಗೆ ಮಿತಿಯೇ ಇಲ್ಲವೆಂದು ವಾದಿಸುವವರನ್ನು ನಾವು ಕೇಳಿದ್ದೇವೆ. ಅವರು ಸೂರಃ ಅಲ್ ಅಅ್‌ರಾಫ್‌ನ 163ನೆಯ ಸೂಕ್ತದಿಂದ ಮುಂದಕ್ಕೆ ಓದಬೇಕು. ಕಡಲ ತೀರದ ಒಂದು ಊರು; ವಾರದಲ್ಲಿ ಒಂದು ದಿನ ಮೀನು ಹಿಡಿಯಬಾರದೆಂಬ ನಿಯಮ; ಆ ದಿನವೇ ಮೀನುಗಳು ನೀರಿನ ಮೇಲೆ ಧಾರಾಳವಾಗಿ ಕಾಣಿಸಿಕೊಳ್ಳುವ ಪರೀಕ್ಷೆ. ಆ ಊರು ಕೆಂಪುಸಮುದ್ರದ ಕೊಲ್ಲಿಯ ಐಲಾ ಎಂದು ಅನೇಕ ವ್ಯಾಖ್ಯಾನಕಾರರು ಹೇಳಿದ್ದಾರೆ. ಅಲ್ಲಿಯವರು ಮೊದಲೇ ಬಲೆಯೊಡ್ಡಿ, ಹೊಂಡ ತೋಡಿ, ನಿಷಿದ್ಧ ದಿನ ಕಳೆದ ಮೇಲೆ ಮೀನು ಎತ್ತಿಕೊಂಡರೆಂಬ ವಿವರಣೆಯೂ ತಫ್ಸೀರ್‌ಗಳಲ್ಲಿದೆ. ಅಂದರೆ ನಿಯಮದ ಅಕ್ಷರಕ್ಕೆ ಅವರು ಧಕ್ಕೆ ತರಲಿಲ್ಲ! ತಪ್ಪು ಮಾಡಿದವರಲ್ಲದೆ ಅದನ್ನು ತಡೆದವರೂ, ಇವರಿಗೇಕೆ ಉಪದೇಶ ಎಂದು ತಡೆಯುವವರನ್ನೇ ಪ್ರಶ್ನಿಸಿದವರೂ ಆ ಪ್ರಸಂಗದಲ್ಲಿದ್ದಾರೆ. ಈ ಮೂರನೆಯ ಗುಂಪಿನವರ ಮೇಲೆ ನಮ್ಮ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ.

ಏಕೆಂದರೆ ಉಪಾಯಗಳು ಇಂದಿಗೂ ನಿಂತಿಲ್ಲ. ರಾತ್ರಿ ಪ್ರಬಲ ಎಲ್‌ಇಡಿ ದೀಪ ಬೆಳಗಿಸಿ ಮೀನನ್ನು ಸೆಳೆದು ಹಿಡಿಯುವುದನ್ನೂ, ಎರಡು ದೋಣಿಗಳ ನಡುವೆ ಒಂದೇ ಬಲೆಯನ್ನು ಕಟ್ಟಿ ಕಡಲಿನ ತಳವನ್ನೇ ಗುಡಿಸುವುದನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಆ ಬಳಿಕವೂ ದೂರುಗಳು ಬರುತ್ತಲೇ ಇವೆ. ಸಣ್ಣ ಕಣ್ಣಿನ ಬಲೆಗೆ ಬಿದ್ದ, ಬೆರಳುದ್ದವೂ ಇಲ್ಲದ ಮರಿಗಳು ತಟ್ಟೆಗೆ ಬರುವುದಿಲ್ಲ. ಮೀನುಹುಡಿಯ ಕಾರ್ಖಾನೆಗೆ ಹೋಗುತ್ತವೆ. ಹಿಡಿಯುವವರಲ್ಲಿ, ಕೊಳ್ಳುವವರಲ್ಲಿ, ಕಾರ್ಖಾನೆ ನಡೆಸುವವರಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ, ನಮ್ಮವರೂ ಇದ್ದಾರೆ. ಶನಿವಾರದ ಮೀನಿನ ಕಥೆಯನ್ನು ಮಕ್ಕಳಿಗೆ ಪಾಠ ಮಾಡುವಾಗ ನಾವು ಅದನ್ನು ಬೇರೆ ಯಾರದೋ ಕಥೆಯೆಂಬಂತೆ ಹೇಳಿಬಿಡುತ್ತೇವೆ.

ಮುಚ್ಚಿದ ಬಾಗಿಲನ್ನು ತಟ್ಟುವ ಹಡಗುಗಳ ಕಥೆಯನ್ನೂ ಇಲ್ಲಿ ಹೇಳಬೇಕು. 2007ರ ಜೂನ್‌ನಲ್ಲಿ ಎರಿಟ್ರಿಯಾದ ಡೆನ್ ಡೆನ್ ಎಂಬ ಹಡಗು ಮಂಗಳೂರಿನ ಹೊರಗೆ ಮುಳುಗಿತು. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಕ್ಕಿನ ಸುರುಳಿಗಳನ್ನು ಹೊತ್ತು ಲೆಬನಾನಿನ ಕಡೆಗೆ ಹೋಗುತ್ತಿದ್ದಾಗ ಉಳ್ಳಾಲದ ಬಳಿ ನೆಲ ಕಚ್ಚಿತು. ಅದರಲ್ಲಿದ್ದ 15 ಮಂದಿ ಸಿರಿಯಾದ ನಾವಿಕರನ್ನು ತಟರಕ್ಷಣಾ ಪಡೆ ಉಳಿಸಿತು. ಅಲ್ ಹಮ್ದುಲಿಲ್ಲಾಹ್. ಆದರೆ ಹಡಗಿನ ಹೊಟ್ಟೆಯಲ್ಲಿ ಇನ್ನೂರು ಟನ್‌ಗಿಂತ ಹೆಚ್ಚು ಇಂಧನ ತೈಲವಿದೆಯೆಂಬ ಸುದ್ದಿ ಹಬ್ಬಿದಾಗ ಉಳ್ಳಾಲದಿಂದ ಆಚೆಯವರೆಗೂ ಮೀನುಗಾರರ ಮನೆಗಳು ತಳಮಳಗೊಂಡವು. ಬೆನ್ ಯಿಜುವಿನ ಹಡಗಿನಲ್ಲೂ ಕಬ್ಬಿಣವಿತ್ತು, ಇದರಲ್ಲೂ ಉಕ್ಕಿತ್ತು. ಅಂದಿನ ಚಿಂತೆ ಸರಕಿನದು. ಇಂದಿನ ಚಿಂತೆ ಕಡಲಿನದೇ.

ಉಳ್ಳಾಲದ ವಿಷಯ ಇನ್ನೂ ಕಠಿಣ. ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿ ಅವರು ಕಡಲು ದಾಟಿ ಬಂದು ನೆಲೆಸಿದರೆಂದು ನಂಬುವ ಆ ಊರಿನ ಅಂಚನ್ನು ಕಡಲು ಪ್ರತಿ ಮಳೆಗಾಲದಲ್ಲೂ ಕೊರೆಯುತ್ತಿದೆ. ಅಲೆಗಳು ತೀರದುದ್ದಕ್ಕೆ ಮರಳನ್ನು ಒಯ್ಯುತ್ತವೆ, ತಂದೂ ಹಾಕುತ್ತವೆ. ನದಿಯೂ ಮರಳು ಕೊಡುತ್ತದೆ. ಅಳಿವೆಯ ಬಾಯಿಗೆ 1990ರ ದಶಕದಲ್ಲಿ ಅಲೆತಡೆಗಳು ಬಂದ ಮೇಲೆ ಈ ಕೊಡುಕೊಳ್ಳುವಿಕೆ ಬದಲಾಯಿತು. ಬೆಂಗರೆಯ ಕಡೆ ಮರಳು ಬೆಳೆಯಿತು, ಉಳ್ಳಾಲದ ಕಡೆ ಕರಗಿತು. ನದಿಯಿಂದ ಮರಳು ತೆಗೆಯುವುದೂ ಅದಕ್ಕೆ ಸೇರಿಕೊಂಡಿತು. ಪ್ರತಿ ವರ್ಷ ಲಾರಿಗಟ್ಟಲೆ ಕಲ್ಲು ತಂದು ಸುರಿದಾಗ ಆ ಮನೆಯೇನೋ ಉಳಿಯುತ್ತದೆ; ಆದರೆ ಅಲೆಯ ಬಲ ಪಕ್ಕದವನ ಅಂಗಳಕ್ಕೆ ತಿರುಗುತ್ತದೆ. ಮುಕ್ಕಚ್ಚೇರಿ, ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ ಎಂದು ಕೊರೆತ ದಕ್ಷಿಣಕ್ಕೆ ಸಾಗಿದುದನ್ನು ತೀರದ ಜನ ಬಲ್ಲರು. 2010ರ ಬಳಿಕ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಕಡಲೊಳಗೇ ಕೃತಕ ದಿಬ್ಬಗಳನ್ನು ಕಟ್ಟುವ ಕೆಲಸವೂ ನಡೆಯಿತು. ನೆರೆಯವನಿಗೆ ಹಾನಿಯಾಗದಂತೆ ನೀರನ್ನು ತಿರುಗಿಸಬೇಕೆಂಬುದು ನಮ್ಮ ಫಿಕ್‌ಹ್‌ನ ಹಳೆಯ ಚರ್ಚೆ. ಗದ್ದೆಯ ಬದುವಿಗೆ ಅನ್ವಯಿಸಿದ ಆ ಮಾತನ್ನು ಕಡಲ್ಗಲ್ಲಿಗೂ ಅನ್ವಯಿಸಬಾರದೇಕೆ?

ಇನ್ನೊಂದು ಮಾತು. ಮೀನು ಮೊಟ್ಟೆಯಿಡುವ ಅದೇ ಮೊದಲ ಮಳೆಯಲ್ಲಿ ನಗರ ತನ್ನ ಚರಂಡಿಗಳನ್ನೂ ತೋಡುಗಳನ್ನೂ ತೊಳೆದುಕೊಳ್ಳುತ್ತದೆ. ನಮ್ಮ ಮನೆಯ ಪ್ಲಾಸ್ಟಿಕ್ ಚೀಲ, ಮದುವೆ ಮಂಟಪದ ಲೋಟ, ಎಲ್ಲವೂ ಫಲ್ಗುಣಿ ಮತ್ತು ನೇತ್ರಾವತಿಯ ಮೂಲಕ ಅಳಿವೆ ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಕುಸಿದು ಮಂದಾರದ ತೋಟಗಳ ಮೇಲೆ ಹರಿದುದನ್ನು ಊರು ಕಂಡಿದೆ.

ಹಳೆಯ ಬಂದರಿನಿಂದ ಇಂದಿಗೂ ಲಕ್ಷದ್ವೀಪಕ್ಕೆ ಮಂಜಿಗಳು ಹೊರಡುತ್ತವೆ. ಹಾಯಿಯ ಬದಲು ಎಂಜಿನ್ ಬಂದಿದೆ; ಹುರಿಯ ವಿನಿಮಯ ನಿಂತು ಎಷ್ಟೋ ಕಾಲವಾಯಿತು. ಆದರೆ ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಅವುಗಳ ಸಂಚಾರಕ್ಕೆ ತಡೆಯಿದೆ. ಅದಕ್ಕೆ ಮುನ್ನಿನ ವಾರಗಳಲ್ಲಿ ದಕ್ಕೆಯ ಪಕ್ಕದ ಆ ಧಕ್ಕೆಗಟ್ಟೆಯಲ್ಲಿ ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿಗಳ ರಾಶಿ ಬಿದ್ದಿರುತ್ತದೆ. ದ್ವೀಪದವರು ಮಳೆಗಾಲಕ್ಕೆ ಬೇಕಾದುದನ್ನು ಲೆಕ್ಕಹಾಕಿ ಹೇರಿಸಿಕೊಂಡು ಕೊನೆಯ ಮಂಜಿಯನ್ನು ಬಿಡುತ್ತಾರೆ.